ಹಳೇ ಅಚ್ಚಿನ ಸೂಪರ್‌ಹೀರೋಗೆ ಮುಂಬಯಿಯಲ್ಲಿ ಹೊಸ ವೇಷ: ನೌಕರಿಯಿಂದ ಹೊಲಿಗೆಯವರೆಗೆ

ಹಳೇ ಸೂಪರ್‌ಹೀರೋ ಒಬ್ಬನನ್ನು ಈಗಿನ ಕಾಲಕ್ಕೆ ತರಬೇಕೆಂದು ಕೂತವರು ಮೊದಲು ಕೈ ಹಾಕುವುದು ಬಟ್ಟೆಗೆ. ಕೆಂಪು ಚಡ್ಡಿ ತೆಗೆಯುತ್ತಾರೆ, ಎದೆಗೊಂದು ಕವಚ ತೊಡಿಸುತ್ತಾರೆ, ಇದ್ದಬದ್ದ ಬಣ್ಣವನ್ನೆಲ್ಲ ಕಪ್ಪು ಮಾಡುತ್ತಾರೆ. ಒಳಗಿರುವ ಮನುಷ್ಯ ಮಾತ್ರ ಕನ್ನಡಕ ಹಾಕಿಕೊಂಡು, ಯಾರಿಗೂ ಗೊತ್ತಾಗದಂತೆ ಆಫೀಸಿನಿಂದ ಮಾಯವಾಗುತ್ತಲೇ ಇರುತ್ತಾನೆ. ಓದುಗ ನಗುವುದು ಅಲ್ಲೇ. ಹಾಗಾಗಿ ಕೆಲಸವನ್ನು ಹಿಂದುಮುಂದಾಗಿ ಮಾಡಿ: ಮೊದಲು ನೌಕರಿ, ಮನೆ, ಫೋನ್. ಬಟ್ಟೆ ಕೊನೆಗೆ. ಹಗಲಿನ ಬದುಕಿನಲ್ಲಿ ಎಷ್ಟನ್ನು ಅಡಗಿಸಿಡಲು ಜಾಗವಿದೆಯೋ ಅಷ್ಟೇ ವೇಷ ಅವನಿಗೆ ದಕ್ಕುತ್ತದೆ.

ಕನ್ನಡದಲ್ಲಿ ಕಾಮಿಕ್ಸ್ ಬರೆದು ಫೋನಿಗೆ ಹಾಕುವವರಿಗೆ, ಸಂಘದ ವಾರ್ಷಿಕೋತ್ಸವದಲ್ಲಿ ಪ್ರಹಸನ ಆಡುವವರಿಗೆ, ಕಾಸ್‌ಪ್ಲೇ (ಮೆಚ್ಚಿನ ಪಾತ್ರದ ವೇಷ ತೊಡುವುದು) ಮಾಡುವ ಹುಡುಗ ಹುಡುಗಿಯರಿಗೆ, ಮೂವರಿಗೂ ಈ ಹಂತಗಳು ಒಂದೇ. ಹೊಲಿಗೆಯ ಭಾಗ ಮಾತ್ರ ಕಾಮಿಕ್ಸ್‌ನವರಿಗೆ ಬೇಡ. ಆದರೂ ಓದಿದರೆ ಚಿತ್ರದಲ್ಲಿ ಬಟ್ಟೆ ಬಟ್ಟೆಯ ಹಾಗೆ ಕಂಡೀತು.

ಮೊದಲೇ ಒಂದು ಕಾನೂನಿನ ಮಾತು. ಸೂಪರ್‌ಮ್ಯಾನ್ ಅಚ್ಚಾಗಿ ಬಂದದ್ದು 1938ರಲ್ಲಿ. ಅಮೆರಿಕದಲ್ಲಿ ಆ ಮೊದಲ ಕಥೆಯ ಹಕ್ಕುಸ್ವಾಮ್ಯ 95 ವರ್ಷ, ಅಂದರೆ 2033ರ ಕೊನೆಯವರೆಗೆ ಇದೆ. ಆಮೇಲೆ ಬಿಡುಗಡೆಯಾಗುವುದೂ ಆ ಮೊದಲ ರೂಪ ಮಾತ್ರ. ಅದರಲ್ಲಿ ಅವನು ಹಾರುತ್ತಲೇ ಇರಲಿಲ್ಲ, ಉದ್ದಕ್ಕೆ ನೆಗೆಯುತ್ತಿದ್ದ. ಹೆಸರು ಮತ್ತು ಎದೆಯ ಚಿಹ್ನೆಯ ಟ್ರೇಡ್‌ಮಾರ್ಕ್ ಬೇರೆಯೇ ಇದೆ. ಪ್ರಕಟಿಸುವ ಆಸೆಯಿದ್ದರೆ ಪಾತ್ರದ ಅಚ್ಚನ್ನಷ್ಟೇ, ಅಂದರೆ ಒಟ್ಟು ಮಾದರಿಯನ್ನಷ್ಟೇ, ತೆಗೆದುಕೊಳ್ಳಿ. ಹೆಸರು, ಚಿಹ್ನೆ, ಬಣ್ಣದ ಜೋಡಿ ನಿಮ್ಮದೇ ಇರಲಿ.

ಹಂತ 1: ಒಂದು ಹಾಳೆ, ಮೂರು ಸಾಲು

ಉದಾಹರಣೆಗೆ ಒಬ್ಬನನ್ನು ಕಟ್ಟೋಣ. 1970ರ ದಶಕದ ಅಚ್ಚು: ಊರು ಉಡುಪಿ ಕಡೆ, ಮುಂಬಯಿಯ ಕೋಟೆ (ಫೋರ್ಟ್) ಪ್ರದೇಶದಲ್ಲಿ ಬ್ಯಾಂಕ್ ಗುಮಾಸ್ತ, ದಪ್ಪ ಕನ್ನಡಕ, ಕೈಯಲ್ಲಿ ಬ್ರೀಫ್‌ಕೇಸ್. ರಾತ್ರಿ ಕೆಂಪು-ಕಪ್ಪು ಉಡುಪು, ಬೆನ್ನಿಗೆ ಕೇಪ್. ಹಾಳೆಯಲ್ಲಿ ಮೂರೇ ಸಾಲು ಬರೆಯಿರಿ. ಯಾಕೆ ಅಡಗುತ್ತಾನೆ? ಸಿಕ್ಕಿಬಿದ್ದರೆ ಏನು ಕಳೆದುಕೊಳ್ಳುತ್ತಾನೆ? ಅಡಗಿರುವುದರಿಂದ ಯಾವ ಸುಖ ಅವನಿಗಿಲ್ಲ?

ಈ ಮೂರು ಸಾಲನ್ನು ಮುಟ್ಟಬೇಡಿ. ಕಾಲಕ್ಕೆ ತಕ್ಕಂತೆ ಬದಲಾಗಬೇಕಾದದ್ದು ಅಡಗುವ ವಿಧಾನ. ಅಡಗುವ ಕಾರಣ ಬದಲಾದರೆ ಅವನು ಬೇರೆ ಮನುಷ್ಯನೇ ಆಗಿಬಿಡುತ್ತಾನೆ. ಹೊಸ ಕಾಲದ ಹೆಸರಿನಲ್ಲಿ ಗುಪ್ತ ಗುರುತನ್ನೇ ತೆಗೆದುಹಾಕುವವರೂ ಇದ್ದಾರೆ. ಮಾಡಬಹುದು. ಆದರೆ ಊಟಕ್ಕೆ ಕೂತಾಗ ಹೇಳುವ ಸುಳ್ಳು, ತಪ್ಪಿದ ಮದುವೆ, ತಾಯಿಯ ಅನುಮಾನ, ಇವೆಲ್ಲ ಅದರ ಜೊತೆಗೇ ಹೋಗುತ್ತವೆ. ಆಮೇಲೆ ಉಳಿಯುವುದು ಬರೀ ಹೊಡೆದಾಟ.

ಹಂತ 2: ನೌಕರಿ

ಸೂಪರ್‌ಮ್ಯಾನ್‌ನಂಥ ಹಳೇ ಹೀರೋ ಹಗಲು ಪತ್ರಕರ್ತನಾಗಿದ್ದಕ್ಕೆ ಕಾರಣವಿತ್ತು. ಸುದ್ದಿ ಮೊದಲು ಅವನಿಗೆ ಬರುತ್ತಿತ್ತು, ಕುರ್ಚಿ ಖಾಲಿ ಇದ್ದರೆ ಯಾರೂ ಕೇಳುತ್ತಿರಲಿಲ್ಲ, ಯಾವ ಜಾಗಕ್ಕೆ ಹೋದರೂ ಹೋಗಲು ಒಂದು ನೆಪ ಇರುತ್ತಿತ್ತು. ನೌಕರಿಯ ಹೆಸರು ಮರೆಯಿರಿ, ಈ ಮೂರು ಸವಲತ್ತು ಇಟ್ಟುಕೊಳ್ಳಿ. ಈಗಿನ ಸುದ್ದಿಮನೆಯಲ್ಲಿ ಬೆರಳೊತ್ತಿ ಹಾಜರಿ, ಗಂಟೆಗೊಂದು ಅಪ್‌ಡೇಟ್, ಲೈವ್ ಲೊಕೇಶನ್. ಎರಡನೇ ಸವಲತ್ತು ಅಲ್ಲೇ ಸತ್ತಿತು.

ನಮ್ಮ ಬ್ಯಾಂಕ್ ಗುಮಾಸ್ತನದೂ ಅದೇ ಪಾಡು. ಮುಂಬಯಿ ಕನ್ನಡಿಗರ ಮನೆಮನೆಯಲ್ಲಿ ಒಬ್ಬರಾದರೂ ಇದ್ದ ಕರಾವಳಿ ಬ್ಯಾಂಕುಗಳ ಹೆಸರೇ ಬೋರ್ಡಿನಿಂದ ಇಳಿದಿವೆ: ವಿಜಯಾ 2019ರ ಏಪ್ರಿಲ್‌ನಲ್ಲಿ ಬ್ಯಾಂಕ್ ಆಫ್ ಬರೋಡಾಕ್ಕೆ ಸೇರಿತು; 2020ರ ಏಪ್ರಿಲ್‌ನಲ್ಲಿ ಸಿಂಡಿಕೇಟ್ ಕೆನರಾಕ್ಕೆ, ಕಾರ್ಪೊರೇಶನ್ ಯೂನಿಯನ್ ಬ್ಯಾಂಕಿಗೆ. ಗುಮಾಸ್ತನ ಲಾಗಿನ್ ಎಷ್ಟು ಗಂಟೆಗೆ ಬಂತು, ಎಷ್ಟು ನಿಮಿಷ ಸುಮ್ಮನಿತ್ತು ಎಲ್ಲ ದಾಖಲಾಗುತ್ತದೆ. ಹೋಟೆಲ್ ಕೌಂಟರ್ ಇನ್ನೂ ಕಷ್ಟ. ಎಲ್ಲರ ಕಣ್ಣೂ ಗಲ್ಲಾಪೆಟ್ಟಿಗೆ ಮೇಲೇ. ಹಳೇ ಕಾಲದ ಕಥೆಯನ್ನೇ ಹೇಳುವುದಾದರೆ ಮಾತ್ರ, ಹಗಲು ಹೋಟೆಲಿನಲ್ಲಿ ದುಡಿದು ಸಂಜೆ ಕನ್ನಡ ರಾತ್ರಿಶಾಲೆಗೆ ಹೋಗುತ್ತಿದ್ದ ಹುಡುಗರ ಬದುಕಿಗಿಂತ ಒಳ್ಳೆಯ ಇಮ್ಮಡಿ ಬದುಕು ಸಿಗುವುದಿಲ್ಲ.

ಈಗಿನದಕ್ಕೆ ನಮ್ಮ ಮತ ವಿಮಾ ಸರ್ವೇಯರ್‌ಗೆ. ಭಿವಂಡಿಯ ಗೋದಾಮಿಗೆ ಬೆಂಕಿ, ಕುರ್ಲಾದಲ್ಲಿ ನೀರು ನುಗ್ಗಿದ ಕಾರುಗಳು, ಕುಸಿದ ಗೋಡೆ: ಅನಾಹುತ ಆದಲ್ಲಿಗೆ ಹೋಗುವುದೇ ಅವನ ಕೆಲಸ. ಕೈಯಲ್ಲಿ ಕ್ಯಾಮೆರಾ, ಅಳತೆ ಟೇಪು, ಏನು ಬೇಕಾದರೂ ಕೇಳುವ ಹಕ್ಕು. ಪರವಾನಗಿ ಪಡೆದು ಸ್ವತಂತ್ರವಾಗಿ ದುಡಿಯುವವನಾದರೆ ಹಾಜರಿಪುಸ್ತಕದ ಕಾಟವಿಲ್ಲ. ಎಲ್ಲಕ್ಕಿಂತ ಮುಖ್ಯ, ಪಾರ್ಟಿಯಲ್ಲಿ 'ವಿಮಾ ಸರ್ವೇಯರ್' ಎಂದ ಕೂಡಲೇ ಎದುರಿನವರು ಮಾತು ಬದಲಿಸುತ್ತಾರೆ. ಈ ಬೇಸರವೇ ಇವತ್ತಿನ ಕನ್ನಡಕ.

ಎಲ್ಲಿ ಎಡವಬಹುದು ಎನ್ನುವುದನ್ನೂ ಈಗಲೇ ಬರೆದಿಡಿ. ಹೀರೋ ಕಂಡ ಜಾಗದ ಕ್ಲೇಮುಗಳಲ್ಲೆಲ್ಲ ಒಬ್ಬನೇ ಸರ್ವೇಯರ್‌ನ ಸಹಿ ಇದ್ದರೆ, ಗುಟ್ಟು ಬಯಲಾಗಲು ವಿಮಾ ಕಂಪನಿಯಲ್ಲಿ ಎಕ್ಸೆಲ್ ಶೀಟು ತೆರೆದು ಕೂತ ಟ್ರೇನಿ ಹುಡುಗಿಯೊಬ್ಬಳು ಸಾಕು. ಖಳನಾಯಕನಿಗಿಂತ ಅವಳೇ ಅಪಾಯದವಳು. ಕಥೆಗೆ ಇಂಥವಳೊಬ್ಬಳು ಬೇಕು.

ಹಂತ 3: ಫೋನ್, ಕ್ಯಾಮೆರಾ, ವಾಚ್‌ಮನ್

ಗುಟ್ಟು ಬಯಲಾಗುವುದು ಮುಖದಿಂದಲ್ಲ, ಫೋನಿನಿಂದ. ವೇಷ ಕಟ್ಟುವ ಮುಂಚೆ ಫೋನ್ ಸ್ವಿಚ್ ಆಫ್ ಮಾಡಿಸುವುದು ಬರೆಯುವವರೆಲ್ಲ ಮಾಡುವ ತಪ್ಪು. ಆಫ್ ಆಗುವ ಮುಂಚಿನ ಟವರ್ ದಾಖಲೆಯಲ್ಲಿ ಉಳಿಯುತ್ತದೆ. ಹೀರೋ ಕಾಣಿಸಿದಾಗಲೆಲ್ಲ ಒಂದೇ ಫೋನ್ ಆಫ್ ಆಗಿದ್ದರೆ ಅದೇ ಸಾಕ್ಷಿ. ಫೋನ್ ಮನೆಯಲ್ಲಿ ಚಾರ್ಜಿಗೆ ಹಾಕಿ, ಆನ್ ಇಟ್ಟು, ಬಿಟ್ಟುಹೋಗಬೇಕು. ಆಗ ತೊಂದರೆ ಬೇರೆ: ಅಮ್ಮ ಫೋನ್ ಮಾಡುತ್ತಾಳೆ, ರಿಂಗ್ ಆಗುತ್ತದೆ, ಎತ್ತುವವರಿಲ್ಲ. 'ಮಲಗಿದ್ದೆ' ಎನ್ನುವ ಸುಳ್ಳು ಎರಡು ಸಲ ನಡೆಯುತ್ತದೆ.

ಪ್ರತಿ ವೇಷದ ದೃಶ್ಯಕ್ಕೂ ನಾಲ್ಕು ಕಾಲಮ್ಮಿನ ಒಂದು ಪಟ್ಟಿ ಮಾಡಿ: ಫೋನ್ ಎಲ್ಲಿದೆ, ಹಗಲಿನ ಬಟ್ಟೆ-ಚೀಲ ಎಲ್ಲಿದೆ, ಯಾವ ಕ್ಯಾಮೆರಾ ದಾಟಿದ, ದುಡ್ಡು ಹೇಗೆ ಕೊಟ್ಟ. ನಾಲ್ಕನೆಯದನ್ನು ಎಲ್ಲರೂ ಮರೆಯುತ್ತಾರೆ. ಗಾಯವಾಗಿ ಬಂದವನು ಮೆಡಿಕಲ್ ಶಾಪಿನಲ್ಲಿ ಯುಪಿಐ ಸ್ಕ್ಯಾನ್ ಮಾಡಿದರೆ ಸಮಯ, ಜಾಗ, ಹೆಸರು ಮೂರೂ ಒಟ್ಟಿಗೆ ಸಿಕ್ಕಿದಂತೆ. ಹತ್ತು, ಇಪ್ಪತ್ತರ ನೋಟು ಇಟ್ಟುಕೊಳ್ಳುವ ಹಳೇ ಅಭ್ಯಾಸ ಅವನಿಗಿರಲಿ. ಟೋಲ್ ದಾಟುವ ಕಾರು ಬೇಡ, ಫಾಸ್ಟ್ಯಾಗ್ ಇದೆ.

ಇನ್ನು ಕ್ಯಾಮೆರಾ. 26/11ರ ನಂತರ ಯೋಜನೆಯಾಗಿ, 2016ರಿಂದ ಮುಂಬಯಿ ಪೊಲೀಸರ ಸಿಸಿಟಿವಿ ಜಾಲ ರಸ್ತೆಗಳ ಮೇಲಿದೆ. ಅಂಗಡಿ, ಸೊಸೈಟಿ, ಸ್ಟೇಷನ್‌ಗಳದ್ದು ಬೇರೆ. ಮುಖ ಗುರುತಿಸುವ ತಂತ್ರಾಂಶಕ್ಕೆ ಕನ್ನಡಕ ಲೆಕ್ಕಕ್ಕೇ ಇಲ್ಲ. ನಿಮ್ಮ ಫೋನೇ ಕನ್ನಡಕ ಇದ್ದರೂ ಇಲ್ಲದಿದ್ದರೂ ಮುಖ ನೋಡಿ ತೆರೆದುಕೊಳ್ಳುತ್ತದೆ. ಕಣ್ಣಿನ ಸುತ್ತ ಪಟ್ಟಿ ಕಟ್ಟುವ ಹಳೇ ಮುಖವಾಡವೂ ಮೂಗು, ಬಾಯಿ, ಗದ್ದವನ್ನು ಬಿಟ್ಟುಕೊಡುತ್ತದೆ. ಮುಂಬಯಿ ರಸ್ತೆಯಲ್ಲಿ ಯಾರೂ ತಿರುಗಿ ನೋಡದ ಮುಖವಾಡ ಒಂದೇ: ಮುಖದ ಮೇಲೆ ಕರ್ಚೀಫು, ಅದರ ಮೇಲೆ ಫುಲ್‌ಫೇಸ್ ಹೆಲ್ಮೆಟ್, ಬೆನ್ನಿಗೆ ಚೌಕದ ಡೆಲಿವರಿ ಚೀಲ. ಆ ಚೀಲದಲ್ಲಿ ಎದೆಕವಚ ಸಲೀಸಾಗಿ ಕೂರುತ್ತದೆ. ಆದರೆ ನಿಜವಾದ ಡೆಲಿವರಿ ಕೆಲಸ ಕೊಡಬೇಡಿ. ಆ್ಯಪ್ ಅವನ ಹೆಜ್ಜೆಹೆಜ್ಜೆಯನ್ನೂ ನೋಡುತ್ತಿರುತ್ತದೆ. ಸೊಸೈಟಿ ಗೇಟಿನಲ್ಲಂತೂ ಬೇಡವೇ ಬೇಡ, ವಾಚ್‌ಮನ್ ಫ್ಲ್ಯಾಟ್ ನಂಬರ್ ಕೇಳಿ ಆ್ಯಪಿನಲ್ಲಿ ಒಪ್ಪಿಗೆ ಬರುವವರೆಗೆ ನಿಲ್ಲಿಸುತ್ತಾನೆ.

ಕಪ್ಪು ಬಟ್ಟೆ ಹಾಕಿದರೆ ರಾತ್ರಿ ಕಾಣುವುದಿಲ್ಲ ಎನ್ನುವುದು ಇನ್ನೊಂದು ನಂಬಿಕೆ. ರಾತ್ರಿ ಬಹುಪಾಲು ಸಿಸಿಟಿವಿಗಳು ಇನ್‌ಫ್ರಾರೆಡ್ ಬೆಳಕಿನಲ್ಲಿ ನೋಡುತ್ತವೆ. ಕಣ್ಣಿಗೆ ಕಡುಕಪ್ಪಾಗಿರುವ ಎಷ್ಟೋ ಸಿಂಥೆಟಿಕ್ ಬಟ್ಟೆಗಳ ಬಣ್ಣ ಆ ಬೆಳಕನ್ನು ಹೀರುವುದಿಲ್ಲ, ಹಿಂದಕ್ಕೆ ಎಸೆಯುತ್ತದೆ. ತೆರೆಯ ಮೇಲೆ ಅವನು ಬೂದುಬಿಳಿ ಬಟ್ಟೆಯ ದೆವ್ವದಂತೆ ಕಾಣುತ್ತಾನೆ. ಪರೀಕ್ಷೆ ಸುಲಭ: ಮನೆಗೆ ಹಾಕುವ ಚಿಕ್ಕ ವೈಫೈ ಕ್ಯಾಮೆರಾ ಮುಂದೆ ಲೈಟ್ ಆರಿಸಿ ಬಟ್ಟೆಯ ತುಂಡು ಹಿಡಿಯಿರಿ. ಕಥೆಗೆ ಇದು ಚಿನ್ನ. ಸಾಕ್ಷಿಗಳು 'ಕಪ್ಪು ಬಟ್ಟೆ' ಅನ್ನುತ್ತಾರೆ, ಪೊಲೀಸರ ತೆರೆಯಲ್ಲಿ ಬಿಳಿ ಬಟ್ಟೆ.

ಬಚ್ಚಿಟ್ಟುಕೊಳ್ಳಲು ಮುಂಬಯಿಯೇ ಕೊಡುವ ಸಹಾಯ ಜೂನ್‌ನಿಂದ ಸೆಪ್ಟೆಂಬರ್. ಎಲ್ಲರ ತಲೆಗೂ ಟೋಪಿ, ಮೈಗೆ ರೈನ್‌ಕೋಟು, ಕ್ಯಾಮೆರಾ ಗಾಜಿನ ಮೇಲೆ ನೀರು. ವೇಷದ ಮೇಲೊಂದು ಮಾಮೂಲಿ ರೈನ್‌ಕೋಟು ಹಾಕಿಕೊಂಡರೆ ಬಟ್ಟೆ ಬದಲಿಸುವ ಪ್ರಶ್ನೆಯೇ ಇಲ್ಲ. ಉಳಿದ ಎಂಟು ತಿಂಗಳಿಗೆ ಬೇರೆ ಉಪಾಯ ಯೋಚಿಸಿ. ಟೆಲಿಫೋನ್ ಬೂತಂತೂ ಈಗ ಸಿಗುವುದಿಲ್ಲ. ರೈಲಿನ ಲೆಕ್ಕವೂ ಇರಲಿ. ರಾತ್ರಿ ಸುಮಾರು ಒಂದರಿಂದ ನಾಲ್ಕರವರೆಗೆ ಲೋಕಲ್ ಇಲ್ಲ. ಡೊಂಬಿವಲಿಯಲ್ಲಿ ಮನೆ ಇರುವ, ಹಾರಲು ಬಾರದ ಹೀರೋ ಎರಡು ಗಂಟೆಗೆ ಕೊಲಾಬಾದಲ್ಲಿ ಹೊಡೆದಾಟ ಮುಗಿಸಿದರೆ ಮೊದಲ ಲೋಕಲ್‌ವರೆಗೆ ಎಲ್ಲಿರುತ್ತಾನೆ? ಇದಕ್ಕೆ ಉತ್ತರ ಬರೆದರೆ ಒಂದು ಇಡೀ ಅಧ್ಯಾಯ ಸಿಗುತ್ತದೆ.

ಹಂತ 4: ಹೆಸರು, ನಾಲಿಗೆ

ಹೆಸರಿಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ. ಒಂದು ಸಣ್ಣ ಸೌಲಭ್ಯ ಮಾತ್ರ ಬಿಡಬೇಡಿ. ಕರ್ನಾಟಕದ ಶಾಲಾ ಸರ್ಟಿಫಿಕೇಟಿನಲ್ಲಿ ಇನಿಶಿಯಲ್, ಮಹಾರಾಷ್ಟ್ರದ ಫಾರ್ಮಿನಲ್ಲಿ ಅಡ್ಡಹೆಸರು-ಹೆಸರು-ತಂದೆ ಹೆಸರು. ಊರಿನಿಂದ ಬಂದ ಎಷ್ಟೋ ಮಂದಿಗೆ ಪ್ಯಾನ್‌ನಲ್ಲಿ ಒಂದು, ರೇಷನ್ ಕಾರ್ಡಿನಲ್ಲಿ ಇನ್ನೊಂದು ಹೆಸರು. ಸರ್ಕಾರಿ ಕಚೇರಿಯಲ್ಲಿ ಪ್ರಾಣ ತಿನ್ನುವ ಈ ಗೊಂದಲ, ಹುಡುಕುವವನ ಕಂಪ್ಯೂಟರಿಗೂ ಅಷ್ಟೇ ಪ್ರಾಣ ತಿನ್ನುತ್ತದೆ.

ನಾಲಿಗೆಗೆ ಮಾತ್ರ ಸಮಯ ಕೊಡಿ. ಮನೆಯಲ್ಲಿ ತುಳು, ಸಂಘದಲ್ಲಿ ಕನ್ನಡ, ರಸ್ತೆಯಲ್ಲಿ ಮರಾಠಿ, ಲೋಕಲ್‌ನಲ್ಲಿ ಬಂಬಯ್ಯಾ ಹಿಂದಿ: ವೇಷದಲ್ಲಿ ಯಾವುದು? ಒಂದು ನಿಯಮ ಮಾಡಿ, ಮುರಿಯಬೇಡಿ. ನಮ್ಮ ಸಲಹೆ ವೇಷದಲ್ಲಿ ಮರಾಠಿ ಮತ್ತು ಹಿಂದಿ ಮಾತ್ರ, ಅದೂ ಚಿಕ್ಕಚಿಕ್ಕ ವಾಕ್ಯ. ನಿಯಮ ತಾನಾಗಿ ಮುರಿಯುವ ಜಾಗ ಎರಡು. ಪೆಟ್ಟು ಬಿದ್ದಾಗ ಬಾಯಿಂದ 'ಆಯೀ ಗ' ಬರುವುದಿಲ್ಲ, 'ಅಯ್ಯಮ್ಮಾ' ಬರುತ್ತದೆ. ಎಣಿಸುವಾಗಲೂ ಹಾಗೆಯೇ. ಬಸ್ಸಿನಿಂದ ಮಕ್ಕಳನ್ನು ಒಬ್ಬೊಬ್ಬರಾಗಿ ಇಳಿಸುತ್ತ ತುಟಿಯೊಳಗೇ ತುಳುವಿನಲ್ಲಿ 'ಒಂಜಿ, ರಡ್ಡ್, ಮೂಜಿ' ಎಂದರೆ, ಪಕ್ಕದಲ್ಲಿ ನಿಂತ ಮೂಲ್ಕಿ ಕಡೆಯ ಅಜ್ಜಿ ಒಬ್ಬಳಿಗೆ ಅಷ್ಟು ಸಾಕು.

ಹಂತ 5: ಕಾಗದದ ಮೇಲಿನ ರೂಪ

ಮೊದಲು ಆಕಾರ. ಹೀರೋನನ್ನು ಪೂರಾ ಕಪ್ಪು ನೆರಳಾಗಿ ತುಂಬಿ 2 ಸೆಂ.ಮೀ. ಎತ್ತರಕ್ಕೆ ಇಳಿಸಿ. ದಾರಿಹೋಕನ ನೆರಳಿನ ಪಕ್ಕ ಇಟ್ಟಾಗ ಯಾರು ಯಾರೆಂದು ತಿಳಿಯದಿದ್ದರೆ ವಿವರ ಸೇರಿಸಬೇಡಿ, ಆಕಾರ ಬದಲಿಸಿ. ಹೆಗಲ ಅಗಲ, ತಲೆಯ ಅಂಚು, ಬಟ್ಟೆಯ ಕೆಳತುದಿ, ಈ ಮೂರರಲ್ಲೇ ಆಟ. ಫೋನಿನಲ್ಲಿ ಓದುವ ಕಾಮಿಕ್ಸ್ ಸಾಮಾನ್ಯವಾಗಿ 800 ಪಿಕ್ಸೆಲ್ ಅಗಲಕ್ಕೆ ಇಳಿಯುತ್ತದೆ. 1600ರಲ್ಲಿ ಬರೆಯಿರಿ, ಅರ್ಧಕ್ಕೆ ಇಳಿಸಿ ನೋಡಿ. ಈಚಿನ ಉಡುಪುಗಳಲ್ಲಿ ಕಾಣುವ ಜೇನುಗೂಡಿನ ನೇಯ್ಗೆ ಆ ಅಳತೆಯಲ್ಲಿ ಕೊಳೆಯಂತೆ ಕಾಣುತ್ತದೆ.

ಹಳೇ ಹೀರೋಗಳು ಕೆಂಪು, ನೀಲಿ, ಹಳದಿಯಲ್ಲಿ ಮಿಂಚಿದ್ದಕ್ಕೆ ಅಗ್ಗದ ನ್ಯೂಸ್‌ಪ್ರಿಂಟ್ ಕಾಗದದ ಮೇಲಿನ ನಾಲ್ಕು ಬಣ್ಣದ ಮುದ್ರಣವೂ ಒಂದು ಕಾರಣ. ನಾಜೂಕು ಬಣ್ಣ ಆ ಕಾಗದದಲ್ಲಿ ನಿಲ್ಲುತ್ತಿರಲಿಲ್ಲ. ಈಗ ಆ ಕಟ್ಟು ಇಲ್ಲ, ಆದರೂ ಒಂದು ಬಣ್ಣವನ್ನು ಪೂರ್ತಿ ಶಕ್ತಿಯಲ್ಲೇ ಇಡಿ. ಸುಮಾರು 60 ಭಾಗ ಗಾಢ, 30 ಭಾಗ ಮಧ್ಯಮ, 10 ಭಾಗ ಉರಿಯುವ ಬಣ್ಣ. ಮುದ್ರಣಕ್ಕೂ ಕೊಡುವುದಾದರೆ ನೀಲಿಯ ಮೇಲೆ ಕಣ್ಣಿಡಿ: ಸಯಾನ್ (ತಿಳಿನೀಲಿ) ಶಾಯಿಗಿಂತ ಮೆಜೆಂಟಾ (ಗಾಢ ಗುಲಾಬಿ) ಶಾಯಿ ಕನಿಷ್ಠ 30 ಅಂಶ ಕಡಿಮೆ ಇರದಿದ್ದರೆ ತೆರೆಯ ಮೇಲಿನ ನೀಲಿ ಅಚ್ಚಿನಲ್ಲಿ ನೇರಳೆಯಾಗುತ್ತದೆ.

ಚಡ್ಡಿಯ ವಿಚಾರ. ಆ ಕಾಲದ ಸರ್ಕಸ್ ಪೈಲ್ವಾನರು ಬಿಗಿ ಉಡುಪಿನ ಮೇಲೆ ಚಡ್ಡಿ ಹಾಕುತ್ತಿದ್ದರು, ಚಿತ್ರಕಾರರು ಅದನ್ನೇ ಎತ್ತಿಕೊಂಡರು. ಸೂಪರ್‌ಮ್ಯಾನ್‌ನ ಕೆಂಪು ಚಡ್ಡಿಯನ್ನು 2011ರಲ್ಲಿ ತೆಗೆದರು, 2018ರಲ್ಲಿ ಮರಳಿ ಹಾಕಿದರು. ಚಡ್ಡಿ ಇಲ್ಲದಿದ್ದರೆ ಕುತ್ತಿಗೆಯಿಂದ ಹರಡಿನವರೆಗೆ ಒಂದೇ ನೀಲಿ ಗೋಡೆ. ಸೊಂಟ ಎಲ್ಲಿ ಮುಗಿಯಿತು, ಕಾಲು ಎಲ್ಲಿ ಶುರುವಾಯಿತು ಎಂದು ಕಣ್ಣಿಗೆ ತಿಳಿಯುವುದಿಲ್ಲ. ತೆಗೆಯುವುದಾದರೆ 5ರಿಂದ 6 ಸೆಂ.ಮೀ. ಅಗಲದ ಬೆಲ್ಟು, ಕಂಕುಳಿನಿಂದ ಮೊಣಕಾಲಿನವರೆಗೆ ಇಳಿಯುವ ಗಾಢ ಪಟ್ಟಿ ಬೇಕು. ಆದರೆ ಬೆಳಗಿನ ಹೊತ್ತು ಶಿವಾಜಿ ಪಾರ್ಕಿನಲ್ಲಿ ಒಂದು ಸುತ್ತು ಹಾಕಿ: ಓಡುವ ಹುಡುಗರು ಬಿಗಿ ಕಂಪ್ರೆಶನ್ ಪ್ಯಾಂಟಿನ ಮೇಲೆ ಶಾರ್ಟ್ಸ್ ಹಾಕಿಯೇ ಓಡುತ್ತಿರುತ್ತಾರೆ. ಹಳೇ ಪೈಲ್ವಾನನ ಚಡ್ಡಿ ಯಾರ ಅಪ್ಪಣೆಯೂ ಇಲ್ಲದೆ ವಾಪಸ್ ಬಂದಿದೆ. ಅದನ್ನೇ ಬಳಸಿ, ಮೇಲೊಂದು ಟೀಶರ್ಟು ಹಾಕಿದರೆ ಅವನು ಬರೀ ಓಟಗಾರ.

ಕೇಪ್ ಬೇಡ ಎನ್ನುವವರಿಗೆ: ಚಿತ್ರದಲ್ಲಿ ವೇಗವನ್ನೂ ದಿಕ್ಕನ್ನೂ ತೋರಿಸುವುದು ಅದೇ. ತೆಗೆದರೆ ಆ ಕೆಲಸಕ್ಕೆ ಬೇರೊಂದು ಬೀಸುವ ವಸ್ತು ಕೊಡಬೇಕು. ರೈನ್‌ಕೋಟಿನ ತುದಿ, ಹೆಗಲ ಮೇಲಿನ ಬೈರಾಸು, ಟೋಪಿಯ ಹಿಂಬದಿ, ಯಾವುದಾದರೂ ಸರಿ.

ಊರಿನ ಛಾಪು ಬೇಕೆಂದು ಯಕ್ಷಗಾನದ ಕಿರೀಟವನ್ನೇ ಎತ್ತಿ ತಲೆಗಿಡುವುದು ಸುಲಭದ ದಾರಿ, ಚೆನ್ನಾಗಿ ಕಾಣುವುದಿಲ್ಲ. ಅದರಿಂದ ಕಲಿಯಬೇಕಾದದ್ದು ದೂರದಿಂದಲೇ ಪಾತ್ರ ತಿಳಿಯುವಂತೆ ಬಣ್ಣ ಬಳಿಯುವ ಕ್ರಮ, ಕಣ್ಣಿನ ಸುತ್ತಿನ ಗೆರೆ. ಭೂತಕೋಲದ ದೈವದ ಅಣಿ (ಬೆನ್ನ ಹಿಂದೆ ಕಟ್ಟುವ ದೊಡ್ಡ ಪ್ರಭಾವಳಿ), ಮುಖವರ್ಣಿಕೆ ಮಾತ್ರ ಮುಟ್ಟಬೇಡಿ. ಅದು ನಂಬಿದವರ ಪೂಜೆಯ ವಸ್ತು, ಮುಂಬಯಿಯ ತುಳುವರ ಮುಂದೆ ಅದನ್ನು ವೇಷವಾಗಿ ತೋರಿಸಿ ಆಮೇಲೆ ವಿವರಣೆ ಕೊಡುವ ಪ್ರಸಂಗ ಬೇಡ.

ಕೊನೆಗೆ ಚೀಲದ ಪರೀಕ್ಷೆ. ಲ್ಯಾಪ್‌ಟಾಪ್ ಚೀಲ ಸುಮಾರು 40 × 30 × 10 ಸೆಂ.ಮೀ. ನೀವು ಬರೆದ ವೇಷ ಬೂಟಿನ ಸಮೇತ ಅದರಲ್ಲಿ ಹಿಡಿಯುತ್ತದೆಯೇ? ಬಿಗಿ ಉಡುಪು ಸುರುಳಿ ಸುತ್ತಿದರೆ ಎರಡು ಟೀಶರ್ಟಿನಷ್ಟು ಜಾಗ. ಕವಚ ಮಡಚುವುದಿಲ್ಲ. ಕವಚ ಬೇಕೇ ಬೇಕು ಎಂದರೆ ಮೂರನೇ ಹಂತಕ್ಕೆ ಹೋಗಿ ಅದನ್ನಿಡುವ ಜಾಗ ಬರೆದು ಬನ್ನಿ.

ಹಂತ 6: ಬಟ್ಟೆ, ಹೊಲಿಗೆ

ಬಟ್ಟೆಗೆ ಮಂಗಲ್‌ದಾಸ್ ಮಾರ್ಕೆಟ್, ಜಿಪ್ಪು-ಹುಕ್ಕು-ಪಟ್ಟಿಗೆ ಭುಲೇಶ್ವರ, ಫೋಮ್ ಮತ್ತು ಅಂಟಿಗೆ ಅಬ್ದುಲ್ ರೆಹಮಾನ್ ಸ್ಟ್ರೀಟ್. ಮೂರೂ ಹತ್ತಿರಹತ್ತಿರವೇ, ಒಂದು ಬೆಳಗ್ಗೆ ಮುಗಿಯುತ್ತದೆ.

ಕೇಳಬೇಕಾದದ್ದು 'ಫೋರ್ ವೇ ಲೈಕ್ರಾ', 220ರಿಂದ 250 ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ ತೂಕ). ಅಂಗಡಿಯಲ್ಲೇ ಉದ್ದಕ್ಕೂ ಅಡ್ಡಕ್ಕೂ ಎಳೆದು ನೋಡಿ. ಎರಡೂ ಕಡೆ ಹಿಗ್ಗಿ ಮೊದಲಿನಂತಾಗಬೇಕು. ತೆಳುವಾದದ್ದು ಮೊಣಕಾಲಿನಲ್ಲಿ ಹಿಗ್ಗಿದಾಗ ಬಿಳಿಚಿಕೊಂಡು ಚರ್ಮ ತೋರಿಸುತ್ತದೆ. ಐದು ಅಡಿ ಎಂಟು ಅಂಗುಲದವರಿಗೆ 58 ಅಂಗುಲ ಪನ್ನದ (ಅಗಲದ) ಬಟ್ಟೆ 3 ಮೀಟರ್ ಸಾಕು. ಕತ್ತರಿಸುವಾಗ ಸುತ್ತಳತೆಯನ್ನು ಮೈಯ ಅಳತೆಗಿಂತ ಸುಮಾರು ಶೇ. 10 ಕಡಿಮೆ ಮಾಡಿ. ಎತ್ತರದಲ್ಲಿ ಕಡಿಮೆ ಮಾಡಬೇಡಿ, ಹೆಗಲು ಎಳೆಯುತ್ತದೆ.

ಸೂಜಿ ಸ್ಟ್ರೆಚ್ ಬಟ್ಟೆಯದ್ದೇ ಇರಲಿ, 75/11. ಸಾಮಾನ್ಯ ಸೂಜಿ ಹೊಲಿಗೆ ಹಾರಿಸುತ್ತದೆ. ನೇರ ಹೊಲಿಗೆ ಬೇಡ. ಬಟ್ಟೆ ಹಿಗ್ಗುತ್ತದೆ, ದಾರ ಹಿಗ್ಗುವುದಿಲ್ಲ, ಕೂತ ತಕ್ಷಣ ಪಟ್ ಎಂದು ಹರಿಯುತ್ತದೆ. ಕಿರಿದಾದ ಜಿಗ್‌ಜ್ಯಾಗ್, ಪಾಲಿಯೆಸ್ಟರ್ ದಾರ. ನಾಕೆಯ ಟೈಲರ್‌ಗೆ ಕೊಡುವುದಾದರೆ ಮೊದಲು ತುಂಡು ಬಟ್ಟೆಯಲ್ಲಿ ಹೊಲಿಸಿ, ಎಳೆದು ನೋಡಿ, ಆಮೇಲೆ ಪೂರ್ತಿ ಕೊಡಿ.

ಎದೆಕವಚಕ್ಕೆ 5 ಮಿ.ಮೀ. ಇವಿಎ ಫೋಮ್ (ಹಗುರವಾದ, ಬಾಗುವ ಹಾಳೆ), ಹೆಗಲಿಗೆ 10 ಮಿ.ಮೀ. ಕಾಂಟ್ಯಾಕ್ಟ್ ಅಂಟನ್ನು ಎರಡೂ ಮುಖಕ್ಕೆ ತೆಳುವಾಗಿ ಸವರಿ, 10ರಿಂದ 15 ನಿಮಿಷ ಬಿಟ್ಟು, ಬೆರಳಿಗೆ ಹತ್ತದಂತಾದ ಮೇಲೆ ಒತ್ತಬೇಕು. ಕಿಟಕಿ ತೆರೆದಿರಲಿ, ಹತ್ತಿರ ಬೆಂಕಿ ಬೇಡ. ಜುಲೈಯಲ್ಲಿ ಈ ಕೆಲಸ ಇಟ್ಟುಕೊಂಡರೆ ಒದ್ದೆ ಗಾಳಿಗೆ ಅಂಟಿನ ಮೇಲೆ ತೇವ ಕೂತು ಜೋಡಣೆ ಬಿಟ್ಟುಕೊಳ್ಳಬಹುದು; ಮಳೆಗಾಲದಲ್ಲಿ ಒತ್ತುವ ಮುಂಚೆ ಹೇರ್‌ಡ್ರೈಯರ್ ಆಡಿಸಿ. ಬಣ್ಣಕ್ಕೆ ಮೊದಲು ಹೀಟ್‌ಗನ್‌ನಿಂದ ಫೋಮಿನ ಮೇಲ್ಮೈ ಹೊಳಪು ಬರುವಷ್ಟು ಬಿಸಿ ಮಾಡಿ, ಬಾಗುವ ಪ್ರೈಮರ್ ಮೂರು ಕೋಟ್ ಕೊಡಿ. ಇಲ್ಲದಿದ್ದರೆ ಫೋಮ್ ಬಣ್ಣ ಕುಡಿಯುತ್ತದೆ, ಬಗ್ಗಿದಲ್ಲೆಲ್ಲ ಬಿರುಕು.

ಕೇಪ್ ಇದ್ದರೆ ಹೆಗಲಿಗೆ ಹೊಲಿಯಬೇಡಿ, ಪ್ರೆಸ್ ಬಟನ್‌ನಲ್ಲಿ ನಿಲ್ಲಿಸಿ. ವೇದಿಕೆಯಲ್ಲಿ ಯಾರಾದರೂ ತುಳಿದರೆ ಕೇಪ್ ಕಳಚಬೇಕು, ಕುತ್ತಿಗೆ ಬಿಗಿಯಬಾರದು. ಬೆನ್ನ ಜಿಪ್ಪಿನ ಜೊತೆ ಸೊಂಟದಲ್ಲಿ ಇನ್ನೊಂದು ಚಿಕ್ಕ ಜಿಪ್ಪು ಇಡಿಸಿ. ಯಾಕೆಂದು ಮೂರನೇ ಗಂಟೆಗೆ ಗೊತ್ತಾಗುತ್ತದೆ. ಒಳಗೆ ತೆಳು ಹತ್ತಿ ಬನಿಯನ್ ಇರಲಿ, ಮುಂಬಯಿಯ ಬೆವರಿಗೆ ಲೈಕ್ರಾ ಮೈಗೆ ಅಂಟಿಕೊಂಡರೆ ಒಬ್ಬರೇ ಬಿಚ್ಚಲು ಆಗುವುದಿಲ್ಲ.

ಹಿಂದಿನ ದಿನ ಪೂರಾ ವೇಷ ಕಟ್ಟಿ ನಾಲ್ಕು ಕೆಲಸ ಮಾಡಿ: ಎರಡು ಮಹಡಿ ಮೆಟ್ಟಿಲು ಹತ್ತುವುದು, ಎರಡೂ ಕೈ ಮೇಲೆತ್ತುವುದು, ನೆಲದ ಮೇಲೆ ಚಕ್ಕಳಮಕ್ಕಳ ಕೂರುವುದು, ಬಗ್ಗಿ ಬೂಟು ಕಟ್ಟುವುದು. ಹರಿದರೆ ಹೆಚ್ಚಾಗಿ ಹರಿಯುವುದು ಕಾಲುಗಳ ನಡುವೆ ನಾಲ್ಕು ಹೊಲಿಗೆ ಸೇರುವ ಜಾಗದಲ್ಲಿ. ಅದನ್ನು ಮತ್ತೆ ಮತ್ತೆ ಹೊಲಿದು ಪ್ರಯೋಜನವಿಲ್ಲ. ಬಿಚ್ಚಿ, 10 ಸೆಂ.ಮೀ. ಬದಿಯ ವಜ್ರಾಕಾರದ ಒಂದು ತುಂಡು ಸೇರಿಸಿ, ಅದೇ ಬಣ್ಣದ ಬಟ್ಟೆಯಲ್ಲಿ. ಇದಕ್ಕಾಗಿಯೇ ಕತ್ತರಿಸಿ ಉಳಿದ ಬಟ್ಟೆಯನ್ನು ಟೈಲರ್ ಹತ್ತಿರ ಬಿಡದೆ ಕೇಳಿ ತೆಗೆದುಕೊಳ್ಳಿ.